ಅಳಿಯ ಬೆಸಾಂವ್ ಕೇಳದ ಸಂಜೆ

ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ವಿಮೆ ಎಂದರೆ ಸತ್ತ ಮೇಲೆ ಬರುವ ಹಣ ಎಂದೇ ತಿಳಿದಿದ್ದೆ. ಹುಟ್ಟಿಸುವುದಕ್ಕೂ ವಿಮೆ ಇದೆ ಎಂದು ಗೊತ್ತಾದದ್ದು ಅಬುಧಾಬಿಯಲ್ಲಿ, ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಮಗಳ ಫ್ಲ್ಯಾಟಿನಲ್ಲಿ.

ಅವಳ ಕಂಪನಿ ಎಲ್ಲರಿಗೂ ಕೊಡಲೇಬೇಕಾದ ಆರೋಗ್ಯ ವಿಮೆಯಲ್ಲಿ ಮಕ್ಕಳಾಗದವರ ಚಿಕಿತ್ಸೆಯೂ ಸೇರಿತ್ತು. ಮಗಳಿಗೆ ನಲವತ್ತು ಹತ್ತಿರವಾಗಿತ್ತು. ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದರು; ಕೆಲಸ ಹೋದರೆ ವಿಮೆಯೂ ಹೋಯಿತು. ಆಸ್ಪತ್ರೆಯಲ್ಲಿ ಗಂಡನೂ ಸಹಿ ಹಾಕಬೇಕು. ಅಳಿಯ ಹಾಕುವುದಿಲ್ಲ ಎಂದು ಕೂತಿದ್ದ. ದೇಹದ ಹೊರಗೆ ಜೀವ ಹುಟ್ಟಿಸುವುದು ನಮ್ಮ ಕಥೊಲಿಕ್ ಇಗರ್ಜಿಗೆ ಒಪ್ಪಿಗೆಯಲ್ಲ.

"ಐದಾರು ಭ್ರೂಣ ಮಾಡ್ತಾರೆ, ಒಂದು ಹೊಟ್ಟೆಯಲ್ಲಿ ಇಡ್ತಾರೆ. ಉಳಿದದ್ದು ಫ್ರೀಜರಿಗೆ. ಅದು ಜೀವ ಅಲ್ವಾ?" ಎಂದ.

"ದುಡ್ಡು ಇನ್ಶೂರೆನ್ಸಿನವರದ್ದು," ಎಂದಳು ಮಗಳು.

"ಪಾಪ ಯಾರದ್ದು?"

ಅವನ ಮಾತು ನನಗೆ ಹುಚ್ಚು ಅನ್ನಿಸಲಿಲ್ಲ. ಕಷ್ಟವಾದದ್ದು ಅದೇ.

ಎದುರು ಮನೆಯ ಬ್ಯಾರಿ ಮುಸ್ಲಿಂ ಹೆಂಗಸು ಲಿಫ್ಟಿನ ಹತ್ತಿರ ನನ್ನನ್ನು ಹಿಡಿದು ಕೇಳಿದಳು. "ಗಂಡ ಹೆಂಡತಿಯದ್ದೇ ಆದ್ರೆ ಅಡ್ಡಿ ಇಲ್ಲ, ಮೂರನೆಯವರದ್ದು ಸೇರ್ಲಿಕ್ಕಿಲ್ಲ ಅಂತ ನಮ್ಮ ಉಸ್ತಾದರು ಹೇಳಿದ್ದಾರೆ. ನಿಮ್ಮ ಪಾದ್ರಿಗಳಿಗೆ ಎಂತ ತೊಂದ್ರೆ ಬಾಯಮ್ಮ?"

"ಗೊತ್ತಿದ್ರೆ ನಾನೇ ಪಾದ್ರಿ ಆಗ್ತಿದ್ದೆ," ಎಂದೆ.

ನಮ್ಮಲ್ಲಿ ಸಂಜೆಯ ಜಪಮಾಲೆ ಮುಗಿದ ಕೂಡಲೇ ಕಿರಿಯರು ಹಿರಿಯರ ಬೆಸಾಂವ್ ಕೇಳುತ್ತಾರೆ. ಬೆಸಾಂವ್ ಎಂದರೆ ಆಶೀರ್ವಾದ. ಜಗಳವಿದ್ದರೂ ಕೇಳಬೇಕು, ಕೊಡಬೇಕು. ಯಾವುದಕ್ಕೆ ಎಂದು ಯಾರೂ ಹೇಳುವುದಿಲ್ಲ. ಅವತ್ತು ಮಗಳು ಹೇಳಿದಳು.

"ನಾಳೆ ಆಸ್ಪತ್ರೆಗೆ ಹೋಗ್ಲಿಕ್ಕೆ ಬೆಸಾಂವ್ ಕೊಡು ಮಮ್ಮಿ."

ಅಳಿಯ ತಲೆ ಎತ್ತಿದ. ನಾನು ಅವಳ ತಲೆಯ ಮೇಲೆ ಕೈ ಇಟ್ಟೆ. "ದೇವರು ಒಳ್ಳೇದು ಮಾಡ್ಲಿ. ಹೋಗು."

"ಇದಕ್ಕೆಲ್ಲ ಬೆಸಾಂವ್ ಕೊಡ್ಲಿಕ್ಕುಂಟಾ ಮಾಂಯ್?" ಎಂದು ಅಳಿಯ ನನ್ನನ್ನು ಕೇಳಿದ.

"ಕೇಳಿದವಳಿಗೆ ಕೊಟ್ಟೆ. ನಿನಗೆ ಫ್ರೀಜರಿನ ಚಿಂತೆ ಇದ್ರೆ ಡಾಕ್ಟರನ್ನು ಕೇಳು. ಇವಳನ್ನು ಯಾಕೆ ಹುರೀತಿ?"

ಅವನು ಎದ್ದು ಕೋಣೆಗೆ ಹೋದ. ಬೆಸಾಂವ್ ಕೇಳಲಿಲ್ಲ. ಆ ಮನೆಯಲ್ಲಿ ಹಾಗೆ ಆದದ್ದು ಅದೇ ಮೊದಲು. ಮಗಳು ಬಡಿಸಿದ ಊಟ ಹಾಗೇ ಉಳಿಯಿತು.

ಬೆಳಿಗ್ಗೆ ನಾನೂ ಮಗಳೂ ಕೆಳಗಿಳಿದರೆ ಅವನು ಕಾರು ಸ್ಟಾರ್ಟ್ ಮಾಡಿ ಕೂತಿದ್ದ. ಆಸ್ಪತ್ರೆಯಲ್ಲಿ ಡಾಕ್ಟರಮ್ಮನ ಮುಂದೆ ಅವನೇ ಮೊದಲು ಕೇಳಿದ.

"ಉಳಿಸದೆ ಮಾಡ್ಲಿಕ್ಕಾಗ್ತದಾ? ಎಷ್ಟು ಇಡ್ತೀರೋ ಅಷ್ಟೇ?"

ಆಗುತ್ತದೆ, ಆದರೆ ಗರ್ಭ ನಿಲ್ಲುವ ಸಾಧ್ಯತೆ ಕಡಿಮೆ, ವಿಮೆಯವರು ಮತ್ತೆ ಮತ್ತೆ ಕೊಡುವುದಿಲ್ಲ ಎಂದರು ಆಕೆ. ಅವನು ಮಗಳ ಮುಖ ನೋಡಿದ. ಅವಳು "ಆಗ್ಲಿ," ಎಂದಳು. ಅವನು ಸಹಿ ಹಾಕಿದ.

ಹೀಗೆ ಮಾಡಿದರೂ ಇಗರ್ಜಿಗೆ ಒಪ್ಪಿಗೆಯಿಲ್ಲ. ಅದು ಅವನಿಗೂ ಗೊತ್ತು. ಇಗರ್ಜಿಯ ಮುಂದಿನ ಪೂಜೆಯಲ್ಲಿ ಪರಮಪ್ರಸಾದಕ್ಕೆ ಜನ ಎದ್ದಾಗ ಅವನು ಏಳಲಿಲ್ಲ; ಪಾಪ ಹೊತ್ತವರು ಅದನ್ನು ಸ್ವೀಕರಿಸುವ ಹಾಗಿಲ್ಲ. ಮಗಳು ಎದ್ದವಳು ಅವನನ್ನು ನೋಡಿ ಪುನಃ ಕೂತಳು. ನಾನು ಬೆಂಚಿನ ಒಳಗಿನ ತುದಿಯಲ್ಲಿದ್ದೆ.

"ಕಾಲು ಸರಿಸಿ," ಎಂದೆ.

ಇಬ್ಬರೂ ಸರಿಸಿದರು. ಮೂವರಲ್ಲಿ ಒಬ್ಬರಾದರೂ ಹೋಗಬೇಕಲ್ಲ.