ಮೋರ್ಚಾಕ್ಕೆ ಹೋಗುವ ಅತ್ತೆ

ನನಗೆ ಮೊದಲಿನಿಂದಲೂ ಭಾಷಣವೆಂದರೆ ಆಗದು. ಯಾರಾದರೂ ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರೆ ಸಾಕು, ಆಕಳಿಕೆ ಬಂದುಬಿಡುತ್ತದೆ. ಇಂಥ ನಾನು ಸೊಸೆಯಾಗಿ ಹೋಗಿ ಸೇರಿದ್ದು ಮಾರ್ಥಾಬಾಯಿಯವರ ಮನೆಯನ್ನು. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಗದಗಿನಲ್ಲಿ ಮದುವೆಯ ಗದ್ದಲದ ನಡುವೆ ನನ್ನ ಸೋದರತ್ತೆ ಕಿವಿಯಲ್ಲಿ ಉಸುರಿದ್ದಳು: "ನಿನ್ನ ಅತ್ತಿ ಮುಂಬೈದಾಗ ದೊಡ್ಡ ಪುಢಾರಿ ಅಂತವಾ. ಸಂಭಾಳಿಸ್ಕೊಂಡು ಇರು." ನಾನು ಕದ್ದು ನೋಡಿದೆ. ಇಳಕಲ್ ಸೀರೆ, ದಪ್ಪ ಕನ್ನಡಕ, ಎರಡನೆಯ ಸಲ ಪಾಯಸ ಹಾಕಿಸಿಕೊಳ್ಳುತ್ತಿದ್ದ ಕುಳ್ಳ ಹೆಂಗಸು. ಪುಢಾರಿಯ ಲಕ್ಷಣವೇನೂ ಕಾಣಲಿಲ್ಲ.

ಮುಂಬೈಯ ಭಾಂಡುಪಿನ ಗುಡ್ಡದ ಮಗ್ಗುಲಿಗಿದ್ದ ಚಾಳಿನಲ್ಲಿ ಮೊದಲ ಬೆಳಗ್ಗೆ ಒಳ್ಳೆಯ ಸೊಸೆ ಅನ್ನಿಸಿಕೊಳ್ಳಬೇಕೆಂದು ಬೇಗ ಎದ್ದೆ. ಅತ್ತೆ ಇರಲಿಲ್ಲ. ಮಾವನವರು ಸ್ಟೋವಿನ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ನಾನು ಗಾಬರಿಯಾಗಿ ನಿಂತದ್ದನ್ನು ಕಂಡು, "ನಿಮ್ಮತ್ತಿ ನೀರಿಗೆ ಹೋಗ್ಯಾಳವಾ. ನೀ ಚಾ ಕುಡಿ" ಎಂದರು. ಅತ್ತೆ ನೀರು ಹೊರುವಾಗ ಸೊಸೆ ಚಹಾ ಕುಡಿಯುವುದೇ ಎಂದು ಬಾಗಿಲಲ್ಲೇ ಕಾದೆ. ಮಧ್ಯಾಹ್ನ ಬಿಸಿಲೇರಿದ ಮೇಲೆ ಆಕೆ ಬಂದರು. ಕೈಯಲ್ಲಿ ಖಾಲಿ ಕೊಡ, ಗಂಟಲು ಕಟ್ಟಿಹೋಗಿತ್ತು, ಮುಖದ ತುಂಬ ನಗೆ.

"ನೀರು ಎಲ್ಲಿ ಅತ್ತಿ?"

"ಬರ್ತದ. ಮುಂದಿನ ವರ್ಷ ಬರಬಹುದು!"

ಗುಡ್ಡದ ಮೇಲಿನ ಹೆಂಗಸರನ್ನೆಲ್ಲ ಕಟ್ಟಿಕೊಂಡು, ನೀರಿನ ನಳ ಬೇಕೆಂದು ಮುನಸಿಪಾಲ್ಟಿ ಆಫೀಸಿನ ಮುಂದೆ ಖಾಲಿ ಕೊಡ ಬಡಿದು ಬಂದಿದ್ದರು. ಆ ನಳ ಮುಂದಿನ ವರ್ಷವೇನೂ ಬರಲಿಲ್ಲ. ನಾಲ್ಕಾರು ಮಳೆಗಾಲ ಕಳೆದು, ಎಷ್ಟೋ ಕೊಡಗಳು ನೆಗ್ಗಿದ ಮೇಲೆ, ಬಂದೇ ಬಂತು.

ನನ್ನ ತವರಿನಲ್ಲಿ ರಾಜಕಾರಣವೆಂದರೆ ಗಂಡಸರು ಪೇಪರು ಹಿಡಿದು ಜಗುಲಿಯ ಮೇಲೆ ಜಗಳಾಡುವ ಒಂದು ಆಟ. ಇಲ್ಲಿ ಅದು ಬೇಳೆ, ಸೀಮೆಎಣ್ಣೆ, ಗಟಾರದ ಸುದ್ದಿಯಾಗಿತ್ತು. ಆ ಶಬ್ದವನ್ನೇ ಬಿಡಿಸಿ ನೋಡಿದರೆ ಮೊದಲಿಗೆ ರಾಜ ಇದ್ದಾನೆ, ಹಿಂದೆ ಕಾರಣ ಇದೆ. ಹೆಚ್ಚಿನವರು ರಾಜನ ಬೆನ್ನು ಹತ್ತುತ್ತಾರೆ. ಅತ್ತೆಗೆ ರಾಜ ಸಿಗಲೇ ಇಲ್ಲ. ಕಾರಣಗಳು ಮಾತ್ರ ದಿನಾ ಬೆಳಗಾದರೆ ಬಾಗಿಲಿಗೆ ಬರುತ್ತಿದ್ದವು. ಹುಬ್ಬಳ್ಳಿಯಲ್ಲಿ ಫ್ರಾಕು ತೊಡುವ ವಯಸ್ಸಿನಲ್ಲೇ ಸ್ವಾತಂತ್ರ್ಯ ಚಳವಳಿಯ ಪ್ರಭಾತಫೇರಿಯ ಹಿಂದೆ ಓಡಿದ್ದರಂತೆ. ಅಂದಿನಿಂದ ನಿಂತದ್ದೇ ಇಲ್ಲ.

ಭಾನುವಾರ ಮಾತ್ರ ಮೋರ್ಚಾಕ್ಕೆ ರಜೆ. ಅಂದು ಲೋಕಲ್ ಹಿಡಿದು ದಾದರಿಗೆ ಹೋಗಿ, ಸ್ಟೇಷನ್ನಿನ ಹೊರಗೆ ಹೂ ಕೊಂಡು, ನಮ್ಮ ಕನ್ನಡ ಚರ್ಚಿನ ವೇದಿಯ ಮೇಲೆ ತಾವೇ ಜೋಡಿಸುತ್ತಿದ್ದರು. ಆರಾಧನೆ ಮುಗಿದ ಮೇಲೆ ಆಸ್ಪತ್ರೆಯಲ್ಲಿದ್ದವರನ್ನು ನೋಡಿಬರಬೇಕು. ಚರ್ಚಿನ ಸ್ತ್ರೀಯರ ಸಂಘವನ್ನು ಕಟ್ಟಿದವರೂ ಅವರೇ, ಅಧ್ಯಕ್ಷರೂ ಅವರೇ. ಕೀರ್ತನೆಯ ಪುಸ್ತಕ, ಪಕ್ಷದ ಕರಪತ್ರ ಎರಡಕ್ಕೂ ಒಂದೇ ಚೀಲ. ಒಮ್ಮೆ ಕೀರ್ತನೆಗೆ ಎದ್ದು ನಿಂತವರು ಪುಸ್ತಕವೆಂದು ಕರಪತ್ರ ಬಿಡಿಸಿಕೊಂಡು, ಕಣ್ಣು ಮುಚ್ಚಿ, ಬಾಯಿಪಾಠದಿಂದಲೇ ಮೂರು ಚರಣ ಹಾಡಿ ಮುಗಿಸಿದರು. ಪಕ್ಕದಲ್ಲಿದ್ದ ನನಗೆ ನಗು ತಡೆಯುವುದೇ ಒಂದು ಪ್ರಾರ್ಥನೆಯಾಯಿತು.

ನಗದೆ ಇದ್ದವರೂ ಇದ್ದರು. ಚರ್ಚಿನ ಸಭಾಹಿರಿಯ ಯೋಹಾನಪ್ಪನವರು ಕಮಿಟಿಯ ಮುಂದೆ ಹೇಳಿಯೇಬಿಟ್ಟರು: "ಬಾಯಾರ, ದೇವರ ಕೆಲಸ, ಬೀದಿ ಕೆಲಸ ಎರಡೂ ಕೂಡಂಗಿಲ್ರಿ. ಯಾವುದಾರ ಒಂದು ಬಿಡ್ರಿ."

ಅತ್ತೆ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡರು. ಆಮೇಲೆ, "ಅಧ್ಯಕ್ಷಗಿರಿ ಬಿಡ್ತೀನ್ರಿ. ಹೂವು ಮಾತ್ರ ನಾನ ಇಡ್ತೀನಿ" ಎಂದರು. ಮನೆಗೆ ಬರುವಾಗ ಲೋಕಲಿನ ಕಿಟಕಿಗೆ ಮುಖ ತಿರುಗಿಸಿ ಕೂತವರು ಭಾಂಡುಪ್ ಬರುವವರೆಗೂ ಈಚೆ ನೋಡಲಿಲ್ಲ. ಮುಂದಿನ ಭಾನುವಾರ ಹೂವು ಎಂದಿನ ಜಾಗದಲ್ಲಿತ್ತು.

ತುರ್ತು ಪರಿಸ್ಥಿತಿ ಬಂತು. ಮೆರವಣಿಗೆಯೊಂದರಲ್ಲಿ ಅತ್ತೆಯನ್ನು ಹಿಡಿದು ಜೈಲಿಗೆ ಹಾಕಿದರು. ನಾನಾಗ ತುಂಬು ಬಸುರಿ. ಸತ್ಯ ಹೇಳಬೇಕೆಂದರೆ ನನಗೆ ಸಿಟ್ಟು ಬಂದಿತ್ತು. ದೇಶಕ್ಕೆ ಬೇರೆ ಜನ ಇದ್ದರು, ನನಗೆ ಇನ್ನೊಬ್ಬ ಅತ್ತೆ ಎಲ್ಲಿಂದ ಬರಬೇಕು? ಚಾಳಿನವರೂ ಹೆದರಿ ನಮ್ಮ ಮನೆಯ ಮುಂದೆ ದನಿ ತಗ್ಗಿಸಿ ನಡೆಯುತ್ತಿದ್ದರು. ಮಗಳು ಹುಟ್ಟಿದ ವಾರವೇ ಬಾಗಿಲಿಗೆ ಬಂದವರು ಸ್ತ್ರೀಯರ ಸಂಘದ ಹೆಂಗಸರು. ಬಾಣಂತಿಗೆ ಅಂಟಿನುಂಡಿ, ಸಬ್ಬಸಿಗೆ ಪಲ್ಯ, ಕೂಸಿಗೆ ಎಣ್ಣೆ. ಇವರಲ್ಲಿ ಒಬ್ಬೊಬ್ಬರ ಹಾಸಿಗೆಯ ಬಳಿಯೂ ಅತ್ತೆ ಎಂದೋ ಕೂತಿದ್ದರು ಎಂಬುದು ನನಗೆ ಅವರ ಬಾಯಿಂದಲೇ ಗೊತ್ತಾಯಿತು. ಎದೆಯೊಳಗಿನ ಸಿಟ್ಟು ಅವರು ಕಾಯಿಸಿದ ಬಾಣಂತಿ ನೀರಿನಲ್ಲಿ ಕರಗಿತೆಂದು ಕಾಣುತ್ತದೆ.

ಮಗುವನ್ನು ಮೊದಲ ಸಲ ಚರ್ಚಿಗೆ ಕರೆದೊಯ್ದ ದಿನ ಯೋಹಾನಪ್ಪನವರೇ ಪ್ರಾರ್ಥನೆಗೆ ಎದ್ದರು. ಯಾರ ಹೆಸರು ಎಲ್ಲಿ ಹೇಳಬೇಕೆಂದು ಜನ ಹತ್ತು ಸಲ ಯೋಚಿಸುತ್ತಿದ್ದ ದಿನಗಳವು. ಆದರೂ ಅವರು ಜೋರಾಗಿ, "ಕರ್ತನೇ, ಸೆರೆಮನಿಯೊಳಗಿರೋ ನಮ್ಮ ಮಾರ್ಥಾಬಾಯಾರನ್ನ ಕಾಯಿ" ಎಂದರು. ಆಮೇಲೆ ಎಲ್ಲರೂ ಕೂಡಿ ಹೇಳಿದ "ಆಮೆನ್" ಇದೆಯಲ್ಲ, ನಾನು ಆಕಳಿಸದೆ ಕೇಳಿದ ಮೊದಲ ಭಾಷಣ ಅದೇ.

ಬಿಡುಗಡೆಯಾಗಿ ಬಂದಾಗ ಅತ್ತೆ ಅರ್ಧ ಇಳಿದಿದ್ದರು, ಕೂದಲೆಲ್ಲ ಬೆಳ್ಳಗಾಗಿತ್ತು. ಚಾಳಿನವರು ಹಾಕಿದ ಹಾರ ತೆಗೆದಿಟ್ಟು, ಕೈಕಾಲು ತೊಳೆದು, ಮೊಮ್ಮಗಳನ್ನು ಎತ್ತಿಕೊಂಡರು. ಗುರುತಿಲ್ಲದ ಮುಖ ಕಂಡು ಅದು ಚಾಳೆಲ್ಲ ಹಾರಿಹೋಗುವ ಹಾಗೆ ಕಿರಿಚಿತು. ನಾನು ನಾಚಿಕೊಂಡು ಕಸಿದುಕೊಳ್ಳಲು ಹೋದರೆ ಅತ್ತೆ ಬಿಡಲಿಲ್ಲ, ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು.

"ಒದರ್ಲಿ ಬಿಡವಾ. ಸುಮ್ಮ ಕೂಡೋ ಹುಡುಗಿ ತೊಗೊಂಡು ನಾವೇನ್ ಮಾಡೂದೈತಿ!"