ಹೊಂಬಾಳಮ್ಮನ ಗಸಿಮುದ್ದೆ

ಆತಗೂರಿನ ಹೊಂಬಾಳಮ್ಮನಿಗೆ ತಾನು ಕಟ್ಟುವ ರಾಗಿಮುದ್ದೆಯ ಮೇಲೆ ಬಹಳ ಜಂಬ. ಜಂಬಕ್ಕೆ ಕಾರಣವಿತ್ತು, ಅದನ್ನು ಅಲ್ಲಗಳೆಯುವುದು ಬೇಡ. ಆದರೆ ಹದ ತಪ್ಪಿದ ಮುದ್ದೆಯನ್ನು ದೂರದಿಂದ ನೋಡಿಯೇ ಅದು ಯಾರ ಕೈಯದೆಂದು ಹೇಳಿಬಿಡುತ್ತಿದ್ದಳು. ಹೀಗಾಗಿ ಅವಳು ಬಂದಳೆಂದರೆ ಅಕ್ಕಪಕ್ಕದ ಹೆಂಗಸರು ಮೊದಲು ಮಡಕೆಯ ಬಾಯಿ ಮುಚ್ಚುತ್ತಿದ್ದರು.

ಅಂಥವಳ ಮನೆಯಲ್ಲೂ ಯುದ್ಧದ ಕಾಲದಲ್ಲಿ ರಾಗಿ ತಳ ಕಂಡಿತು. ಬೆಳೆದದ್ದರಲ್ಲಿ ದೊಡ್ಡ ಪಾಲು ಸರ್ಕಾರದ ಲೆವಿಗೆ ಹೋಯಿತು. ಆಗ ಬೇಸಾಯ ಇಲಾಖೆಯವನೊಬ್ಬ ಬಂದು ಅರಳಿಕಟ್ಟೆಯ ಮೇಲೆ ಮರಗೆಣಸು ಹರಡಿ, ಇದನ್ನು ತಿನ್ನಿ ಎಂದ. ಪಾಯಸದ ಸಬ್ಬಕ್ಕಿಯನ್ನೂ ಇದರಲ್ಲೇ ಮಾಡುತ್ತಾರಂತೆ. ಇಂಗ್ಲಿಷರು ಇದರ ಹಿಟ್ಟಿಗೆ ಟಾಪಿಯೋಕಾ ಅನ್ನುತ್ತಾರಂತೆ, ಆದರೆ ಆ ಮಾತು ಅವರದಲ್ಲ, ಸಮುದ್ರದಾಚೆಯ ಬ್ರೆಜಿಲ್ ದೇಶದ ಹಳೇ ಜನರದು. ಗೆಣಸನ್ನು ತುರಿದು ಹಿಂಡಿದ ಮೇಲೆ ರಸದ ತಳದಲ್ಲಿ ಕೂರುವ ಗಸಿಯನ್ನು ಅವರು ಹಾಗೆ ಕರೆದರಂತೆ.

"ಗಸಿ ಅನ್ನಕೆ ಅಷ್ಟು ದೂರ ಓಗ್ಬೇಕಿತ್ತಾ?" ಎಂದಳು ಹೊಂಬಾಳಮ್ಮ. ಆದರೂ ಸೆರಗಿನಲ್ಲಿ ನಾಲ್ಕು ಗೆಣಸು ಕಟ್ಟಿಕೊಂಡೇ ಮನೆಗೆ ಬಂದಳು.

ಅದೇ ವಾರ ಮಳವಳ್ಳಿ ಕಡೆಯ ದೊಡ್ಡಬೀರಯ್ಯ ತನ್ನ ಮಗನಿಗೆ ಇವರ ಮಗಳು ಪಟ್ಟಲಮ್ಮನನ್ನು ಕೇಳಲು ಬರುವುದೆಂದಾಯಿತು. ಹುಡುಗ ಒಳ್ಳೆಯವನು, ಪಟ್ಟಲಮ್ಮನಿಗೂ ಮನಸ್ಸಿತ್ತು. ತೊಡಕೆಲ್ಲ ಹುಡುಗನ ಅಪ್ಪನದು. ಹೆಣ್ಣಿನ ಮನೆಯಲ್ಲಿ ಮುದ್ದೆ ಉಂಡು ತಣಿಗೆ ಬರಿದಾದರೆ ಆತ ಒಪ್ಪಿಗೆಯ ವೀಳ್ಯ ತೆಗೆದುಕೊಳ್ಳುತ್ತಿದ್ದ, ತುತ್ತು ಉಳಿದರೆ ಟವಲು ಕೊಡವಿ ಎದ್ದು ಹೊರಡುತ್ತಿದ್ದ. ಮುದ್ದೆಯನ್ನು ನುಂಗದೆ ಅಗಿಯುವವನನ್ನು ಗಂಡಸೆಂದೇ ಎಣಿಸುತ್ತಿರಲಿಲ್ಲ.

ಉಳಿದಿದ್ದ ಹಿಡಿ ರಾಗಿಹಿಟ್ಟಿಗೆ ಹೊಂಬಾಳಮ್ಮ ಧಾರಾಳವಾಗಿ ಗಸಿ ಬೆರೆಸಿ ತಿರುವಿದಳು. ಬಣ್ಣವೇನೋ ಬಂತು. ಆದರೆ ಹಿಟ್ಟು ಕೋಲನ್ನು ಬಿಡಲೊಲ್ಲದು.

"ದಿಟ ಯೋಳ್ಬುಡಮ್ಮಿ," ಎಂದ ಗಂಡ ಕೆಂಪಯ್ಯ.

"ಸುಮ್ಕಿರಿ. ಉಳ್ಳಿಸಾರು ಜಾರಿಸ್ತದೆ."

ಹುರುಳಿಸಾರು ಜಾರಿಸಲಿಲ್ಲ. ದೊಡ್ಡಬೀರಯ್ಯ ತುತ್ತು ಮುರಿದು, ಸಾರಿನಲ್ಲಿ ಅದ್ದಿ ಬಾಯಿಗೆ ಎಸೆದುಕೊಂಡ. ತುತ್ತು ಕೆಳಗಿಳಿಯದೆ ಅರ್ಧದಲ್ಲೇ ನಿಂತಿತು. ಕಣ್ಣಲ್ಲಿ ನೀರಾಡಿತು. ಚೊಂಬು ಎತ್ತಿ ನೀರು ಕುಡಿದು, ಎರಡನೆಯ ತುತ್ತನ್ನು ಎಲ್ಲರ ಎದುರಿಗೇ ಅಗಿಯತೊಡಗಿದ. ಬಾಗಿಲ ಸಂದಿಯಲ್ಲಿ ನಿಂತಿದ್ದ ಪಟ್ಟಲಮ್ಮನ ಮುಖ ಇಳಿದುಹೋಯಿತು.

ಮಗಳ ಮುಖ ಕಂಡು ಹೊಂಬಾಳಮ್ಮ ಸೌಟು ಕೆಳಗಿಟ್ಟಳು. ಊರಿನವರ ಮುದ್ದೆಗಳಿಗೆಲ್ಲ ಹೆಸರಿಟ್ಟವಳು ತನ್ನ ಬಾಯಿಂದಲೇ ತನ್ನ ಮುದ್ದೆಯ ಗುಟ್ಟು ಬಿಡಬೇಕಾಯಿತು.

"ತಪ್ಪಾಯ್ತು ಬೀಗ್ರೆ. ರಾಗಿ ಸಾಲ್ನಿಲ್ಲ, ಗೆಣಸಿನ ಗಸಿ ಬೆರೆಸ್ದೆ. ಕೂಸಿಂದೇನೂ ತಪ್ಪಿಲ್ಲ."

ದೊಡ್ಡಬೀರಯ್ಯನ ಬಾಯಿ ಅಂಟಿಕೊಂಡಿತ್ತು. ಅಗಿದು ಮುಗಿಸಿ, ಉಳಿದದ್ದನ್ನೂ ತಿಂದು, ಬೆರಳು ನೆಕ್ಕಿದ.

"ಬಾಯ್ಗಿಟ್ಟೇಟ್ಗೆ ಗೊತ್ತಾಯ್ತು ಕಣವ್ವ," ಎಂದ ತಗ್ಗಿದ ದನಿಯಲ್ಲಿ. "ನಮ್ಮನೇಲೂ ಇದೇಯ. ಬಾಗ್ಲಾಕ್ಕಂಡು ಎಲ್ರೂ ಅಗೀತೀವಿ. ಇಲ್ಲಾದ್ರೂ ಒಂದೊತ್ತು ರಾಗಿ ಸಿಕ್ತದೇನೋ ಅಂತ ಬಂದೆ."

ಹಾಗೆಂದು ಬರಿದಾದ ತಣಿಗೆಯನ್ನು ಮುಂದಕ್ಕೆ ತಳ್ಳಿದ.

"ಇನ್ನೊಂದಿಕ್ಕವ್ವ. ವೀಳ್ಯ ಆಮ್ಯಾಕೆ ಕೊಡೀವ್ರಂತೆ, ಅಗಿಯದು ವಸಿ ವೊತ್ತಾಗ್ತದೆ."