ಕ್ಲಚ್ಚಕ್ಕ ಬೀದಿದೀಪ ಆರಿಸಿದ ಸಂಜೆ

ಆ ಊರಿನಲ್ಲಿ ಕಾರು ಓಡಿಸುವವರ ಪೈಕಿ ಅರ್ಧಕ್ಕರ್ಧ ಜನ ಕ್ಲಚ್ಚಕ್ಕನ ಹತ್ತಿರ ಬೈಸಿಕೊಂಡೇ ಸ್ಟೀರಿಂಗ್ ಹಿಡಿದವರು. ಮಾರ್ಕೆಟ್ ಬೀದಿಯ ಕೊನೆಯಲ್ಲಿ, ಟೈರ್ ಅಂಗಡಿಯ ಮೇಲಿದ್ದ ಒಂದೇ ಕೋಣೆಯ ಡ್ರೈವಿಂಗ್ ಸ್ಕೂಲಿಗೆ ಅವಳು ಮೊದಲು ಸೇರಿದ್ದು ಫೋನ್ ಎತ್ತುವ ಕೆಲಸಕ್ಕೆ. ಒಂದು ಬೆಳಿಗ್ಗೆ ಅಲ್ಲಿ ಕಲಿಸುತ್ತಿದ್ದವರು ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಕೆಳಗೆ ಕಾರಿನ ಹತ್ತಿರ ನರ್ಸೊಬ್ಬಳು ಪಾಠಕ್ಕೆ ಕಾಯುತ್ತಾ ನಿಂತಿದ್ದಳು. ಇವಳಿಗೆ ಓಡಿಸಲು ಚೆನ್ನಾಗಿ ಬರುತ್ತಿತ್ತು, ಲೈಸೆನ್ಸೂ ಇತ್ತು. "ಬಾಮ್ಮ, ಇವತ್ತು ನಾನೇ ಕೂರ್ತೀನಿ" ಎಂದು ಇಳಿದು ಹೋದಳು. ಮತ್ತೆ ಆ ಫೋನಿನ ಮುಂದಿನ ಕುರ್ಚಿಗೆ ವಾಪಸ್ ಬರಲಿಲ್ಲ. ಕಲಿಸಲು ಬೇಕಾದ ಪರೀಕ್ಷೆ ಕಟ್ಟಿ ಪಾಸಾದಳು, ಕಾಲು ಮುರಿದುಕೊಂಡವರು ಕುಂಟುತ್ತಾ ಬಂದು ಫೋನ್ ಎತ್ತತೊಡಗಿದರು.

ಅವಳು ಕೂಗುವವಳಲ್ಲ. ಕೂಗುವವರಿಗೆ ಜನ ಹೆದರುತ್ತಾರೆ, ಆಮೇಲೆ ರೂಢಿಯಾಗುತ್ತದೆ. ಇವಳದು ಬೇರೆ ದಾರಿ. ಕಲಿಯುವವರು ತಪ್ಪು ಮಾಡಿದಷ್ಟೂ ಅವಳ ದನಿ ತಣ್ಣಗಾಗುತ್ತಿತ್ತು. "ಕ್ಲಚ್" ಎಂದು ಒಂದು ಸಲ ಹೇಳುವಳು. ಎರಡನೇ ಸಲ ಇನ್ನೂ ಮೆಲ್ಲಗೆ "ಕ್ಲಚ್" ಎನ್ನುವಳು. ಮೂರನೇ ಸಲಕ್ಕೆ ಅದು ಪಿಸುಮಾತಾಗಿ, ಸ್ಟೀರಿಂಗ್ ಹಿಡಿದವರ ಬೆನ್ನಲ್ಲಿ ಬೆವರು ಇಳಿಯುತ್ತಿತ್ತು. ಹೀಗೆ ಆ ಹೆಸರು ಅಂಟಿಕೊಂಡಿತು. ಮನೆಯಲ್ಲಿ ಅತ್ತೆ ಕೂಡ ಫೋನ್ ಬಂದರೆ "ಕ್ಲಚ್ಚಕ್ಕ ಸ್ನಾನಕ್ಕೆ ಹೋಗಿದಾಳೆ" ಎನ್ನುತ್ತಿದ್ದರು.

ಗಂಡ ಟೈಲರ್. ಮದುವೆಯಾದ ಹೊಸದರಲ್ಲಿ ಒಂದೇ ಒಂದು ದಿನ ಹೆಂಡತಿಯ ಪಕ್ಕ ಕೂತು ಕಲಿಯಲು ನೋಡಿ, ಮೊದಲ ತಿರುವಿನಲ್ಲೇ ಕಾರು ನಿಲ್ಲಿಸಿ ಇಳಿದುಬಿಟ್ಟಿದ್ದ. "ನಮ್ಮ ಸಂಸಾರ ಸುಖವಾಗಿರಬೇಕು ಅಂದ್ರೆ ನಾನು ನಡ್ಕೊಂಡೇ ಓಡಾಡ್ತೀನಿ" ಎಂದು ಅಲ್ಲಿಂದ ಮನೆಗೆ ನಡೆದುಕೊಂಡು ಹೋದವನು, ಈಗಲೂ ನಡೆದೇ ಓಡಾಡುತ್ತಾನೆ.

ಇಂಥವಳ ಕೈಗೆ ಒಂದು ದಿನ ಕಾಲೇಜಿನ ಮೇಷ್ಟ್ರು ಸಿಕ್ಕಿದರು.

ಮೇಷ್ಟ್ರು ಭೌತಶಾಸ್ತ್ರ ಪಾಠ ಮಾಡುವವರು. ಪ್ರತಿ ತಿಂಗಳೂ ಒಂದು ಶನಿವಾರ ಸಂಜೆ ಗ್ರಂಥಾಲಯದ ಮಹಡಿಯಲ್ಲಿ ಆಕಾಶದ ಬಗ್ಗೆ ಊರವರಿಗಾಗಿ ಭಾಷಣ ಮಾಡುತ್ತಿದ್ದರು. ಅದಾದ ಮೇಲೆ ಅಂಗಳದಲ್ಲಿ ಟೆಲಿಸ್ಕೋಪ್ ಇಟ್ಟು, ಬಂದವರಿಗೆ ಚಂದ್ರನನ್ನೋ ಗ್ರಹವನ್ನೋ ತೋರಿಸುತ್ತಿದ್ದರು. ಹಣ ಕಾಸು ಏನೂ ಕೇಳುತ್ತಿರಲಿಲ್ಲ. ತೊಂದರೆಯೆಂದರೆ ಆ ಟೆಲಿಸ್ಕೋಪ್ ಮೇಷ್ಟ್ರ ಎದೆಯೆತ್ತರ ಇತ್ತು. ಬಸ್ಸಿನಲ್ಲಿ ಅದನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಬೀಳದ ಹಾಗೆ ತಬ್ಬಿಕೊಂಡು ಹೋಗಬೇಕಿತ್ತು. ಕಂಡಕ್ಟರು ಅದಕ್ಕೂ ಟಿಕೆಟ್ ಹರಿದು, "ಇವರು ಎಲ್ಲಿ ಇಳೀತಾರೆ?" ಎಂದು ಕೇಳಿದ ದಿನ ಮೇಷ್ಟ್ರು ಹಳೆಯದೊಂದು ಕಾರು ಕೊಂಡರು. ಕೊಂಡ ಮೇಲೆ ಓಡಿಸಲು ಕಲಿಯಲು ಬಂದರು.

ಅಂಥ ಶಿಷ್ಯನನ್ನು ಕ್ಲಚ್ಚಕ್ಕ ತನ್ನ ಜೀವಮಾನದಲ್ಲೇ ಕಂಡಿರಲಿಲ್ಲ. ಪುಸ್ತಕದಲ್ಲಿರುವ ನಿಯಮವೆಲ್ಲ ಅವರಿಗೆ ಬಾಯಿಪಾಠ. ಎಂಜಿನ್ ಹೇಗೆ ತಿರುಗುತ್ತದೆ ಎಂದು ಅವಳಿಗೇ ವಿವರಿಸಿದರು. ಆದರೆ ಕಾರು ಶುರುವಾದ ಕೂಡಲೇ ಮೈ ಬಿಗಿದು ಮರದ ಕೊರಡಾಗುತ್ತಿತ್ತು. ಕಣ್ಣು ರಸ್ತೆ ಬಿಟ್ಟು ಎದುರಿನ ವೈಪರಿಗೆ ಅಂಟಿಕೊಳ್ಳುತ್ತಿತ್ತು. ಕಾರು ನಾಲ್ಕು ಮಾರು ಕುಪ್ಪಳಿಸಿ ನಿಲ್ಲುತ್ತಿತ್ತು. ಹಿಂದಿನಿಂದ ಹಾರ್ನ್ ಕೇಳಿದರಂತೂ ಮೇಷ್ಟ್ರು ಸ್ಟೀರಿಂಗ್ ಬಿಟ್ಟು ಕೈಯೆತ್ತಿ ಕ್ಷಮೆ ಕೇಳುತ್ತಿದ್ದರು.

"ಮೇಷ್ಟ್ರೇ, ಕ್ಷಮೆ ಆಮೇಲೆ ಕೇಳೋಣ. ಮೊದಲು ಕೈ ಅಲ್ಲಿಡಿ" ಎಂದಳು ಕ್ಲಚ್ಚಕ್ಕ ತಣ್ಣಗೆ.

ಅವಳ ಪಿಸುಮಾತು ಮೇಷ್ಟ್ರ ಮೇಲೆ ನಡೆಯಲಿಲ್ಲ, ಇನ್ನಷ್ಟು ಬಿಗಿದುಕೊಂಡರು. ಅವಳಿಗೆ ಒಳಗೊಳಗೇ ಚಿಂತೆ ಹತ್ತಿತು. ಇಷ್ಟು ವರ್ಷದಲ್ಲಿ ಅವಳು ಯಾರನ್ನೂ ನಡುದಾರಿಯಲ್ಲಿ ಕೈಬಿಟ್ಟಿರಲಿಲ್ಲ, ಗಂಡನೊಬ್ಬನನ್ನು ಬಿಟ್ಟು. ಹೇಗಾದರೂ ಮನುಷ್ಯನ ಗಮನ ಬೇರೆ ಕಡೆ ಹೋಗಲಿ ಎಂದು ಒಂದು ದಿನ ಸುಮ್ಮನೆ ಕೇಳಿದಳು.

"ಈ ಕಾರಲ್ಲಿ ಚಂದ್ರನ ಹತ್ರ ಹೋಗೋಕೆ ಎಷ್ಟು ದಿನ ಬೇಕು?"

ಮೇಷ್ಟ್ರು ಒಂದು ಕ್ಷಣ ಯೋಚಿಸಿದರು. "ನಾವೀಗ ಹೋಗ್ತಾ ಇರೋ ಸ್ಪೀಡಲ್ಲಾ? ಎರಡು ವರ್ಷ ದಾಟುತ್ತೆ."

"ಪಂಕ್ಚರ್ ಲೆಕ್ಕ ಹಿಡಿದಾ, ಬಿಟ್ಟಾ?"

ಮೇಷ್ಟ್ರು ನಕ್ಕರು. ಸೂರ್ಯನಿಗಾದರೆ ಎಷ್ಟು, ಅಲ್ಲಿಂದ ಬೆಳಕು ಎಷ್ಟು ಬೇಗ ಬಂದುಬಿಡುತ್ತದೆ, ರಾತ್ರಿ ಕಾಣುವ ನಕ್ಷತ್ರಗಳಿಂದ ಹೊರಟ ಬೆಳಕು ಎಷ್ಟು ತಲೆಮಾರು ಪ್ರಯಾಣ ಮಾಡಿ ಬಂದಿರುತ್ತದೆ ಎಂದೆಲ್ಲ ಹೇಳುತ್ತಾ ಹೋದರು. ಹೇಳುತ್ತಾ ಹೇಳುತ್ತಾ ಎರಡನೇ ಗೇರಿಗೆ ಬಂದರು, ಮೂರಕ್ಕೆ ಬಂದರು, ಎದುರು ಬಂದ ಲಾರಿಗೆ ದಾರಿ ಬಿಟ್ಟರು, ವೃತ್ತ ಸುತ್ತಿ ಮಾರ್ಕೆಟ್ ಬೀದಿಗೆ ತಿರುಗಿದರು. ಒಂದು ಸಲವೂ ಕಾರು ಕುಪ್ಪಳಿಸಲಿಲ್ಲ. ಟೈರ್ ಅಂಗಡಿಯ ಮುಂದೆ ನಿಲ್ಲಿಸಿದ ಮೇಲೆ "ಅರೆ, ಬಂದೇ ಬಿಟ್ವಾ?" ಎಂದು ತಾವೇ ಬೆರಗಾದರು.

ಕ್ಲಚ್ಚಕ್ಕನಿಗೆ ಮದ್ದು ಸಿಕ್ಕಿತು. ದಿನವೂ ಒಂದು ಪ್ರಶ್ನೆ ಹೊಂದಿಸಿಕೊಂಡು ಬರತೊಡಗಿದಳು. ಚಂದ್ರ ಯಾಕೆ ಒಂದೇ ಮುಖ ತೋರಿಸುತ್ತಾನೆ, ನಕ್ಷತ್ರ ಮಿನುಗುತ್ತದೆ, ಗ್ರಹ ಯಾಕೆ ಮಿನುಗುವುದಿಲ್ಲ, ಬಾಲಚುಕ್ಕಿಯ ಬಾಲ ಎಲ್ಲಿಗೆ ಹೋಗುತ್ತದೆ, ಹೀಗೆ. ಮೊದಮೊದಲು ಕಾರು ಓಡಲಿ ಎಂದು ಕೇಳುತ್ತಿದ್ದವಳು ಬರುಬರುತ್ತಾ ಉತ್ತರ ಬೇಕು ಎಂದೇ ಕೇಳತೊಡಗಿದಳು. ರಾತ್ರಿ ಅನ್ನ ಬಡಿಸುವಾಗ ಗಂಡನಿಗೂ ಅತ್ತೆಗೂ ಅದನ್ನೇ ಹೇಳುವಳು. ಗಂಡ ಊಂ ಊಂ ಎನ್ನುತ್ತಾ ಕೇಳುವನು. ಅತ್ತೆ ಮಾತ್ರ "ಇಷ್ಟು ದಿನ ಕ್ಲಚ್ಚು ಬ್ರೇಕು ಅಂತ ತಲೆ ತಿಂತಿದ್ಲು, ಈಗ ಆಕಾಶಾನೂ ತಟ್ಟೆಗೆ ತಂದು ಹಾಕ್ತಾಳೆ" ಎಂದು ಗೊಣಗುವರು.

ಆ ತಿಂಗಳ ಶನಿವಾರ ಅವಳು ಭಾಷಣ ಕೇಳಲು ಹೋದಳು. ಮಹಡಿಯ ಕೋಣೆಯಲ್ಲಿ ಬೆರಳೆಣಿಕೆಯ ಜನ. ಅವರಲ್ಲೂ ಇಬ್ಬರು ಫ್ಯಾನಿನ ಗಾಳಿಗೆ ಬಂದವರು. ಮೇಷ್ಟ್ರು ಸಭೆಗೆ ಬೆನ್ನು ಹಾಕಿ, ಪರದೆಯ ಕಡೆ ಮುಖ ಮಾಡಿ, ಉಸಿರು ಬಿಡದೆ ಒದರುತ್ತಿದ್ದರು. ಕಾರಿನಲ್ಲಿ ಅಷ್ಟು ಸೊಗಸಾಗಿ ಮಾತಾಡುವ ಮನುಷ್ಯ ಇವರೇನಾ ಎಂದು ಅವಳಿಗೆ ಅನುಮಾನ ಬಂತು. ಮುಂದಿನ ಸಾಲಿನಲ್ಲಿ ಒಬ್ಬರು ಗೊರಕೆ ಹೊಡೆಯುತ್ತಿದ್ದರು.

ಸೋಮವಾರ ಕಾರಿನಲ್ಲಿ ಕೂತ ಕೂಡಲೇ ಅವಳೇ ಮಾತು ತೆಗೆದಳು. "ಮೇಷ್ಟ್ರೇ, ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬಾರದು."

"ಹೇಳಿ."

"ಇಲ್ಲಿ ನೀವು ವೈಪರ್ ನೋಡ್ಕೊಂಡು ಗಾಡಿ ಓಡಿಸ್ತಿದ್ರಿ. ಅಲ್ಲಿ ಪರದೆ ನೋಡ್ಕೊಂಡು ಭಾಷಣ ಮಾಡ್ತೀರಿ. ಎರಡೂ ಒಂದೇ ಕಾಯಿಲೆ. ಶುರುವಿನಲ್ಲೇ ನಾಲ್ಕನೇ ಗೇರಿಗೆ ಹಾಕ್ತೀರಿ, ಹಿಂದೆ ಕೂತಿರೋರು ಹತ್ತಿದಾರೋ ಇಲ್ವೋ ನೋಡಲ್ಲ."

ಮೇಷ್ಟ್ರು ಸೀಟ್ ಬೆಲ್ಟ್ ಎಳೆದು ಸಿಕ್ಕಿಸಿಕೊಂಡರು. ಆಮೇಲೆ, "ಜನರ ಮುಖ ನೋಡಿದ್ರೆ ಹೆದರಿಕೆ ಆಗುತ್ತಮ್ಮ. ಅದಕ್ಕೇ ತಿರುಗಿ ನಿಲ್ತೀನಿ" ಎಂದರು.

"ನನ್ನ ಮುಖ ನೋಡಿದ್ರೆ ಆಗಲ್ಲ ತಾನೆ? ಮೊದಲನೇ ಸಾಲಲ್ಲಿ ಕೂರ್ತೀನಿ. ನನಗೆ ಹೇಳಿ ಸಾಕು."

ಮುಂದಿನ ಭಾಷಣದಲ್ಲಿ ಹಾಗೇ ಮಾಡಿದರು. ಮೇಷ್ಟ್ರು ಅವಳನ್ನೇ ನೋಡಿಕೊಂಡು, ಕಾರಿನಲ್ಲಿ ಹೇಳುವ ಹಾಗೇ ಹೇಳಿದರು. ನಡುವೆ ಉಪಗ್ರಹಗಳ ವಿಷಯ ಬಂದಾಗ ಹುರುಪೇರಿ ಓಟ ಕಿತ್ತರು. ಕ್ಲಚ್ಚಕ್ಕನ ಬಲಗಾಲು ಅಭ್ಯಾಸಬಲದಿಂದ ನೆಲವನ್ನು ಒತ್ತಿತು. ಕಲಿಸುವವರ ಕಡೆಯೂ ಒಂದು ಬ್ರೇಕ್ ಇರುತ್ತದಲ್ಲ, ಅದನ್ನು ಒತ್ತುವ ಹಾಗೆ. ಮೇಷ್ಟ್ರು ಆ ಕಾಲನ್ನು ನೋಡಿದರು, ಮಾತಿನ ವೇಗ ಇಳಿಸಿದರು. ಫ್ಯಾನಿನ ಗಾಳಿಗೆ ಬಂದಿದ್ದ ಇಬ್ಬರಲ್ಲಿ ಒಬ್ಬ ಕೈಯೆತ್ತಿ ಪ್ರಶ್ನೆ ಕೇಳಿದ.

ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತು. ಕುರ್ಚಿ ಸಾಲದೆ ಮೆಟ್ಟಿಲ ಮೇಲೆ ಕೂತು ಕೇಳುವಷ್ಟು ಜನ ಬರತೊಡಗಿದರು. ಗ್ರಂಥಾಲಯದ ಅಂಗಳ ಸಾಲದಾಗಿ, ಟೆಲಿಸ್ಕೋಪನ್ನು ಈ ಸಲ ಮಾರ್ಕೆಟ್ ಪಕ್ಕದ ಆಟದ ಮೈದಾನದಲ್ಲಿ ಇಡುವುದೆಂದು ತೀರ್ಮಾನವಾಯಿತು. ಅರ್ಧಚಂದ್ರ, ಜೊತೆಗೆ ಉಂಗುರದ ಶನಿಗ್ರಹ, ಎರಡನ್ನೂ ಒಂದೇ ಸಂಜೆ ತೋರಿಸುತ್ತೇವೆಂದು ಮೇಷ್ಟ್ರು ಸಾರಿದರು.

ಅತ್ತೆ ಕೇಳಿ ಹೌಹಾರಿದರು. "ಹೆಗಲೇರಿದ ಶನಿಯನ್ನ ಇಳಿಸೋಕೆ ಜನ ಒದ್ದಾಡ್ತಾರೆ. ನೀವು ಕ್ಯೂ ನಿಂತು ನೋಡ್ತೀರಾ?"

"ಅಲ್ಲಿಂದ ಇಲ್ಲಿಗೆ ಬರೋಕೆ ಅದಕ್ಕೆ ಬಸ್ಸಿಲ್ಲ ಅತ್ತೆ, ಧೈರ್ಯವಾಗಿ ಬನ್ನಿ" ಎಂದಳು ಸೊಸೆ.

ಆ ಸಂಜೆ ಹೊತ್ತು ಮುಳುಗುತ್ತಿದ್ದಂತೆ ಮೈದಾನ ತುಂಬಿತು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು, ಬಾಗಿಲು ಹಾಕಿ ಬಂದ ಕ್ಷೌರದಂಗಡಿಯವರು, ಡ್ಯೂಟಿ ಮುಗಿಸಿದ ನರ್ಸುಗಳು. ಆದರೆ ಕತ್ತಲು ಮಾತ್ರ ಬರಲಿಲ್ಲ. ಮೈದಾನದ ಸುತ್ತ ಬೀದಿದೀಪ ಹತ್ತಿದವು. ಮಾರ್ಕೆಟ್ ಬೀದಿಯ ಬೋರ್ಡುಗಳು ಕೆಂಪು, ನೀಲಿ, ಹಸಿರಾಗಿ ಝಗಝಗಿಸಿದವು. ಬಟ್ಟೆ ಅಂಗಡಿಯ ಬೋರ್ಡಂತೂ ಹತ್ತಿ ಆರಿ, ಹತ್ತಿ ಆರಿ ಕಣ್ಣು ಕೋರೈಸುತ್ತಿತ್ತು. ಆಕಾಶ ಬೂದಿ ಬಳಿದ ಹಾಗೆ ಕಾಣುತ್ತಿತ್ತು. ಚಂದ್ರನೊಬ್ಬ ಹೇಗೋ ಕಂಡ, ಉಳಿದದ್ದು ಏನೂ ಇಲ್ಲ. ಜನ ಕೊರಳು ಚಾಚಿ ಚಾಚಿ ಸಾಕಾಗಿ ಗುಸುಗುಸು ಶುರುಮಾಡಿದರು. ಮೇಷ್ಟ್ರು ಮೆಲ್ಲಗೆ ಜನರಿಗೆ ಬೆನ್ನು ಹಾಕುತ್ತಿದ್ದುದು ಕ್ಲಚ್ಚಕ್ಕನ ಕಣ್ಣಿಗೆ ಬಿತ್ತು.

"ಅವರ ಕಡೆ ತಿರುಗಿ. ಚಂದ್ರನ್ನ ತೋರಿಸ್ತಾ ಇರಿ. ನಾನು ಬಂದೆ" ಎಂದು ಹೊರಟಳು.

ಬೀದಿದೀಪದ ಪೆಟ್ಟಿಗೆಯ ಹತ್ತಿರ ಲೈನ್‌ಮನ್ ಇದ್ದ. ಅವಳನ್ನು ಕಂಡು ಬೀಡಿ ಬಿಸಾಡಿದ. ಅವಳ ಹಳೇ ಶಿಷ್ಯ.

"ಒಂದು ಗಂಟೆ ಮೈದಾನದ ಸುತ್ತ ದೀಪ ಆರಿಸ್ತೀಯಾ?"

"ಅಕ್ಕಾ, ಎಂಜಿನಿಯರ್ ಸಾಹೇಬರು ಹೇಳದೆ ಮುಟ್ಟೋ ಹಾಗಿಲ್ಲ."

"ಸರಿ, ಅವರಿಗೇ ಫೋನ್ ಹಚ್ಚು."

ಎಂಜಿನಿಯರ್ ಸಾಹೇಬರೂ ಅವಳ ಕೈಯಲ್ಲೇ ರಿವರ್ಸ್ ಕಲಿತವರು. ಫೋನಿನಲ್ಲಿ ಅವಳ ದನಿ ಕೇಳಿ ಆ ಕಡೆಯವರು ಎದ್ದು ನಿಂತಿರಬೇಕು, ಕುರ್ಚಿ ಸರಿದ ಸದ್ದು ಈ ಕಡೆಗೇ ಕೇಳಿಸಿತು. ಒಂದು ಗಂಟೆಗೆ ಒಪ್ಪಿಗೆ ಸಿಕ್ಕಿತು. ಲೈನ್‌ಮನ್ ಪೆಟ್ಟಿಗೆಗೆ ಕೈ ಹಾಕಿದಾಗ ಅವಳೇ ತಡೆದಳು. "ವೃತ್ತದ ದೀಪ ಇರಲಿ. ಅಲ್ಲಿ ಗಾಡಿ ತಿರುಗುತ್ವೆ. ಔಷಧಿ ಅಂಗಡಿ ಮುಂದಿಂದೂ ಮುಟ್ಟಬೇಡ."

ಅಲ್ಲಿಂದ ಅಂಗಡಿಗಳಿಗೆ ಹೊರಟಳು. ಮೊಬೈಲ್ ಅಂಗಡಿಯವನು ಕೇಳುವ ಮೊದಲೇ ಸ್ವಿಚ್ ಆರಿಸಿದ. ಚಪ್ಪಲಿ ಅಂಗಡಿಯವಳು "ನಾನೂ ಬರಬಹುದಾ ಅಕ್ಕ?" ಎಂದು ಬೀಗ ಹುಡುಕಿದಳು. ಬಟ್ಟೆ ಅಂಗಡಿಯ ಯಜಮಾನ ಮಾತ್ರ ತಲೆ ಕೆರೆದುಕೊಂಡ.

"ವ್ಯಾಪಾರದ ಹೊತ್ತು ಅಕ್ಕ ಇದು."

"ಒಳಗೆ ಒಬ್ಬ ಗಿರಾಕಿ ಇಲ್ಲ. ಎಲ್ಲಾ ಮೈದಾನದಲ್ಲಿದಾರೆ." ಅವಳ ದನಿ ಇನ್ನೊಂದು ಮೆಟ್ಟಿಲು ಇಳಿಯಿತು. "ಅವತ್ತು ನೀವು ರಿವರ್ಸಲ್ಲಿ ಹೋಗಿ ತರಕಾರಿ ಗಾಡಿ ಮೇಲೆ ಕಾರು ಹತ್ತಿಸಿದ್ದು ನಾನು ಇವತ್ತಿನವರೆಗೆ ಯಾರಿಗಾದ್ರೂ ಹೇಳಿದೀನಾ?"

ಅದನ್ನು ಅವನ ಹೆಂಡತಿ ಗಲ್ಲಾದ ಹಿಂದಿನಿಂದ ಕೇಳಿಸಿಕೊಂಡು "ಯಾವಾಗ?" ಎಂದಳು. ಯಜಮಾನ ಓಡಿ ಹೋಗಿ ಬೋರ್ಡು ಆರಿಸಿದ.

ಒಂದೊಂದೇ ದೀಪ ಆರುತ್ತಾ ಬೀದಿ ಕಪ್ಪಾಯಿತು. ಕ್ಲಚ್ಚಕ್ಕ ಮೈದಾನಕ್ಕೆ ವಾಪಸ್ ಬರುವಷ್ಟರಲ್ಲಿ ಜನ ಮಾತು ನಿಲ್ಲಿಸಿ ತಲೆಯೆತ್ತಿ ನಿಂತಿದ್ದರು. ದಿನಾ ತಮ್ಮ ನೆತ್ತಿಯ ಮೇಲೇ ಇಷ್ಟೊಂದು ಚುಕ್ಕಿ ಇದ್ದವೆಂದು ಯಾರಿಗೂ ಗೊತ್ತಿರಲಿಲ್ಲ. ಮಗುವೊಂದು ಎಣಿಸಲು ಶುರುಮಾಡಿ, ಲೆಕ್ಕ ತಪ್ಪಿ, ಮತ್ತೆ ಒಂದರಿಂದ ಶುರುಮಾಡಿತು. ಮೇಷ್ಟ್ರು ಜನರ ಕಡೆ ಮುಖ ಮಾಡಿಯೇ ಮಾತಾಡುತ್ತಿದ್ದರು. ಕತ್ತಲಲ್ಲಿ ಮುಖಗಳು ಕಾಣದ್ದು ಅವರಿಗೆ ಒಳ್ಳೆಯದೇ ಆಗಿತ್ತು.

ಅವಳು ಸಾಲಿನ ಕೊನೆಯಲ್ಲಿ ನಿಂತಳು. ಮುಂದೆ ಕಳಿಸಲು ಎಲ್ಲರೂ ದಾರಿ ಬಿಟ್ಟರೂ ಹೋಗಲಿಲ್ಲ. ಸರತಿ ಬಂದಾಗ ಬಗ್ಗಿ ಕಣ್ಣಿಟ್ಟಳು. ಕಪ್ಪಿನ ನಡುವೆ ಅಕ್ಕಿಕಾಳಿನಷ್ಟು ಬೆಳಕು, ಅದಕ್ಕೊಂದು ಪುಟ್ಟ ಉಂಗುರ. ಯಾರೋ ಸೂಜಿಯಲ್ಲಿ ಕೆತ್ತಿಟ್ಟ ಹಾಗೆ. ಉಸಿರು ಬಿಟ್ಟರೆ ಹಾರಿಹೋದೀತು ಎಂದು ಅವಳು ಉಸಿರು ಹಿಡಿದಳು. ನೋಡುತ್ತಾ ಇದ್ದಂತೆ ಅದು ಮೆಲ್ಲಗೆ ಅಂಚಿನ ಕಡೆ ಜಾರಿತು.

"ಮೇಷ್ಟ್ರೇ, ಇದು ಓಡ್ತಾ ಇದೆಯಲ್ಲ."

"ಅದಲ್ಲಮ್ಮ, ನಾವು. ಭೂಮಿ ತಿರುಗ್ತಾ ಇರೋದು ನಿಮಗೆ ಹಾಗೆ ಕಾಣ್ತಿದೆ."

ಕ್ಲಚ್ಚಕ್ಕ ಟೆಲಿಸ್ಕೋಪಿನಿಂದ ಕಣ್ಣು ತೆಗೆದು ಕಾಲಡಿಯ ನೆಲ ನೋಡಿದಳು, ಸುತ್ತ ನಿಂತ ಜನರನ್ನು ನೋಡಿದಳು. ಎಲ್ಲರೂ ನೆಟ್ಟಗೆ ನಿಂತಿದ್ದರು. "ಇಷ್ಟು ಜನಾನ ಹತ್ತಿಸ್ಕೊಂಡು, ಇಷ್ಟು ಜೋರಾಗಿ ಹೋಗ್ತಿದ್ರೂ ಒಂದು ಕುಲುಕಾಟ ಇಲ್ವಲ್ಲ" ಎಂದಳು. "ಯಾರು ಓಡಿಸ್ತಿದಾರೋ, ಚೆನ್ನಾಗಿ ಕಲ್ತಿದಾರೆ."

ಸುತ್ತ ಇದ್ದವರು ಬಿದ್ದು ಬಿದ್ದು ನಕ್ಕರು. ಅವಳು ನಗಲಿಲ್ಲ. ಕಣ್ಣು ಒದ್ದೆಯಾಗಿತ್ತು, ಕತ್ತಲಲ್ಲಿ ಅದು ಗಂಡನಿಗೊಬ್ಬನಿಗೆ ಗೊತ್ತಾಯಿತು. ಅವನು ಹೆಗಲ ಮೇಲಿನ ಅಳತೆ ಟೇಪಿನ ಪಕ್ಕದಲ್ಲಿದ್ದ ಟವೆಲ್ ಕೊಟ್ಟ.

ಅತ್ತೆ ಬಂದಿರಲಿಲ್ಲ. ಆದರೆ ಮೈದಾನದ ಹಿಂದೆಯೇ ಇದ್ದ ಮನೆ ಬೀದಿಯ ದೀಪವೂ ಆರಿದ್ದರಿಂದ ಗಾಬರಿಯಾಗಿ ತಾರಸಿ ಹತ್ತಿದವರು, ಇವರು ಮನೆಗೆ ಬಂದಾಗಲೂ ಅಲ್ಲೇ ಗೋಡೆಗೊರಗಿ ಆಕಾಶ ನೋಡುತ್ತಾ ಕೂತಿದ್ದರು. "ಮುಸ್ಸಂಜೆ ಹೊತ್ತಲ್ಲಿ ಊರಿನ ದೀಪ ಆರಿಸೋ ಸೊಸೆ ಎಲ್ಲಾದ್ರೂ ಉಂಟಾ" ಎಂದು ಬೈದು, ತಡೆದು, "ಮುಂದಿನ ತಿಂಗಳು ಯಾವತ್ತು?" ಎಂದು ಕೇಳಿದರು.

ಮೇಷ್ಟ್ರು ಲೈಸೆನ್ಸ್ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದರು. ಪರೀಕ್ಷೆ ಮಾಡುವ ಅಧಿಕಾರಿ ಬಾಯಿ ಮುಚ್ಚಿಕೊಂಡು ಓಡಿಸಬೇಕೆಂದು ಹೇಳಿದ್ದೇ ಕಾರಣ. ಎರಡನೇ ಸಲ ಅಧಿಕಾರಿಯೇ ತಾನಾಗಿ ಶುಕ್ರಗ್ರಹದ ಬಗ್ಗೆ ಏನೋ ಕೇಳಿದನಂತೆ. ಪಾಸಾದರು. ಈಗ ತಿಂಗಳಿಗೊಂದು ಸಂಜೆ ಮೈದಾನದ ಸುತ್ತ ದೀಪ ಆರಿಸುವುದು ಊರಿನಲ್ಲಿ ರೂಢಿಯಾಗಿದೆ. ಬಟ್ಟೆ ಅಂಗಡಿಯ ಯಜಮಾನ ಹೆಂಡತಿಯ ಜೊತೆ ಎಲ್ಲರಿಗಿಂತ ಮೊದಲು ಬಂದು ನಿಲ್ಲುತ್ತಾನೆ.

ಮೊನ್ನೆ ಪಕ್ಕದ ಊರಿನವರು ತಮ್ಮಲ್ಲೂ ಒಂದು ಸಂಜೆ ನಡೆಸಿಕೊಡಿ ಎಂದು ಕರೆದರು. ಮೇಷ್ಟ್ರೇ ಕಾರು ಓಡಿಸಿದರು. ಟೆಲಿಸ್ಕೋಪ್ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತಿತ್ತು. ಅಲ್ಲಿ ಕ್ಲಚ್ಚಕ್ಕನ ಶಿಷ್ಯರು ಒಬ್ಬರೂ ಇರಲಿಲ್ಲ. ಅವಳನ್ನು ಕಂಡು ಯಾರೂ ಎದ್ದು ನಿಲ್ಲಲಿಲ್ಲ. ಅವಳು ಅಂಗಡಿಯಿಂದ ಅಂಗಡಿಗೆ ಹೋಗಿ, ಸೆರಗು ಸರಿಮಾಡಿಕೊಂಡು, ಒಂದು ಗಂಟೆ ದೀಪ ಆರಿಸುತ್ತೀರಾ ಎಂದು ನಯವಾಗಿ ಕೇಳಿದಳು. ಕೆಲವರು ಆರಿಸಿದರು, ಕೆಲವರು ಆಗಲ್ಲ ಎಂದರು. ಆಗಲ್ಲ ಎಂದವರಲ್ಲಿ ಹೋಟೆಲಿನವನೊಬ್ಬ ಅವಳನ್ನು ವಾಪಸ್ ಕರೆದು, "ಅಲ್ಲಮ್ಮ, ನೀವು ಅದೇ ಡ್ರೈವಿಂಗ್ ಕಲಿಸೋರಲ್ವಾ? ನನ್ನ ಮಗಳಿಗೆ ಕಲೀಬೇಕಂತೆ" ಎಂದ.

"ಕಳಿಸಿ" ಎಂದಳು ಕ್ಲಚ್ಚಕ್ಕ, ಇನ್ನೂ ಝಗಝಗಿಸುತ್ತಿದ್ದ ಅವನ ಬೋರ್ಡಿನ ಕಡೆ ನೋಡುತ್ತಾ.